ಯುರೋಪಿನ ಮಹಾಯುದ್ಧಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತನಾದ ಮೇಲೂ ಪ್ರಶ್ನೆಗಳು ನನ್ನನ್ನು ಬಿಟ್ಟಿಲ್ಲ. ಹಳೆಯ ವಿದ್ಯಾರ್ಥಿಗಳು ಫೋನ್ ಮಾಡುತ್ತಾರೆ, ಕೆಎಎಸ್‌ಗೆ ಓದುವವರು ಪತ್ರ ಬರೆಯುತ್ತಾರೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಯಾರಾದರೂ ಹಿಟ್ಲರ್ ವಿಷಯ ತೆಗೆಯುತ್ತಾರೆ. ಹೆಚ್ಚು ಸಲ ಕಿವಿಗೆ ಬಿದ್ದವನ್ನು, ಕೇಳಿದವರ ಮಾತಿನಲ್ಲೇ ಇಟ್ಟು, ಇಲ್ಲಿ ಉತ್ತರಿಸಿದ್ದೇನೆ. ಸುಲಭದ್ದು ಮೊದಲು, ಜಗಳದ್ದು ಕೊನೆಗೆ.

ಶುರುವಿನ ಪ್ರಶ್ನೆಗಳು

ಒಬ್ಬ ಯುವರಾಜನನ್ನು ಕೊಂದಿದ್ದಕ್ಕೆ ಇಡೀ ಯುರೋಪ್ ಹೊಡೆದಾಡಿಕೊಂಡಿತೇ? ನಂಬೋಕೇ ಆಗಲ್ಲ ಸಾರ್.

ನಂಬಬೇಡಿ. ಕೊಲೆಗೂ ಮೊದಲ ಮಹಾಯುದ್ಧ ಪೂರ್ತಿ ಹೊತ್ತಿಕೊಂಡದ್ದಕ್ಕೂ ನಡುವೆ 37 ದಿನಗಳಿದ್ದವು. ನಿಜವಾದ ಕಥೆ ಇರುವುದು ಆ ದಿನಗಳಲ್ಲಿ.

ಮೊದಲು ಕೊಲೆಯ ವಿಷಯ. 1914ರ ಜೂನ್ 28, ಬೋಸ್ನಿಯಾದ ಸರಾಯೆವೊ. ಆಸ್ಟ್ರಿಯಾ-ಹಂಗರಿಯ ಪಟ್ಟಕ್ಕೆ ಬರಬೇಕಿದ್ದ ಫ್ರಾನ್ಜ್ ಫರ್ಡಿನಾಂಡ್ ಹೆಂಡತಿ ಸೋಫಿಯ ಜೊತೆ ತೆರೆದ ಕಾರಿನಲ್ಲಿ ಬಂದ. ಬೆಳಿಗ್ಗೆ ಚಾಬ್ರಿನೋವಿಚ್ ಎಂಬ ಹುಡುಗ ಎಸೆದ ಬಾಂಬು ಗುರಿ ತಪ್ಪಿ ಹಿಂದಿನ ಕಾರಿನ ಬಳಿ ಸಿಡಿಯಿತು. ಅವನು ವಿಷ ನುಂಗಿ ಹೊಳೆಗೆ ಹಾರಿದ. ವಿಷ ಕೆಲಸ ಮಾಡಲಿಲ್ಲ, ಹೊಳೆಯಲ್ಲಿ ಮುಳುಗುವಷ್ಟು ನೀರಿರಲಿಲ್ಲ. ಆಮೇಲೆ ಗಾಯಾಳುಗಳನ್ನು ನೋಡಲು ಆಸ್ಪತ್ರೆಗೆ ಹೋಗೋಣ ಎಂದು ಯುವರಾಜನೇ ಹೇಳಿದ. ದಾರಿ ಬದಲಾದದ್ದನ್ನು ಚಾಲಕನಿಗೆ ಯಾರೂ ತಿಳಿಸಲಿಲ್ಲ. ಅವನು ಹಳೆಯ ದಾರಿಯಂತೆ ಲ್ಯಾಟಿನ್ ಸೇತುವೆಯ ಹತ್ತಿರ ಬಲಕ್ಕೆ ತಿರುಗಿಸಿದ, ಬೈಸಿಕೊಂಡ, ಕಾರು ನಿಲ್ಲಿಸಿದ. ನಿಂತದ್ದು ಬೋಸ್ನಿಯಾದ ಸರ್ಬ್ ಹುಡುಗ, 19 ವರ್ಷದ ಗಾವ್ರಿಲೊ ಪ್ರಿನ್ಸಿಪ್‌ನ ಮುಂದೆಯೇ. ಎರಡು ಗುಂಡು, ಎರಡು ಜೀವ. (ಪ್ರಿನ್ಸಿಪ್ ಆಗ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಎಂಬುದು ಯಾರೋ ಆಮೇಲೆ ಸೇರಿಸಿದ ಒಗ್ಗರಣೆ.)

ಈಗ ಆ 37 ದಿನ. ಜುಲೈ 5ರಂದು ಜರ್ಮನಿಯ ಕೈಸರ್ ವಿಲ್ಹೆಲ್ಮ್ ‘ಏನು ಬೇಕಾದರೂ ಮಾಡಿ, ನಾವಿದ್ದೇವೆ’ ಎಂಬರ್ಥದ ಭರವಸೆಯನ್ನು ಆಸ್ಟ್ರಿಯಾಕ್ಕೆ ಕೊಟ್ಟ. ಕೊಲೆಯ ಹಿಂದೆ ಪಕ್ಕದ ಸೆರ್ಬಿಯಾ ಇದೆ ಎಂದ ಆಸ್ಟ್ರಿಯಾ ಜುಲೈ 23ರಂದು ಅದಕ್ಕೆ ಬೇಡಿಕೆಗಳ ಪಟ್ಟಿ ಕೊಟ್ಟು 48 ಗಂಟೆಯ ಗಡುವು ಹಾಕಿತು. ಸೆರ್ಬಿಯಾ ಹೆಚ್ಚುಕಡಿಮೆ ಎಲ್ಲಕ್ಕೂ ತಲೆಬಾಗಿತು. ತನ್ನ ನೆಲದಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ತನಿಖೆ ಮಾಡುವುದಕ್ಕೆ ಮಾತ್ರ ಒಪ್ಪಲಿಲ್ಲ. ಆ ಉತ್ತರ ಓದಿದ ಕೈಸರ್ ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಎಂದು ಬರೆದ. ಬರೆದದ್ದು ಜುಲೈ 28ರಂದು. ಆಸ್ಟ್ರಿಯಾ ಯುದ್ಧ ಸಾರಿದ್ದೂ ಅದೇ ದಿನ. ರಷ್ಯಾ 30ರಂದು ಪೂರ್ತಿ ಸೈನ್ಯ ಜಮಾವಣೆಗೆ ಆದೇಶ ಕೊಟ್ಟಿತು, ಆಗಸ್ಟ್ 1ರಂದು ಜರ್ಮನಿ ರಷ್ಯಾದ ಮೇಲೆ, 3ರಂದು ಫ್ರಾನ್ಸ್ ಮೇಲೆ, 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿದವು. ಒಂದೊಂದು ಮೆಟ್ಟಿಲಿನಲ್ಲೂ ನಿಲ್ಲಬಹುದಿತ್ತು. ನಿಂತವರಿಲ್ಲ.

ಎರಡು ಬಣಗಳ ಒಪ್ಪಂದದಿಂದಲೇ ಯುದ್ಧ ಆಯ್ತು ಅಂತ ನೋಟ್ಸ್‌ನಲ್ಲಿದೆ. ಅಷ್ಟೇನಾ?

ಆ ನೋಟ್ಸ್ ಬರೆಸಿದವರಲ್ಲಿ ನಾನೂ ಒಬ್ಬ, ಕ್ಷಮಿಸಿ. ಜರ್ಮನಿ, ಆಸ್ಟ್ರಿಯಾ-ಹಂಗರಿ, ಇಟಲಿ 1882ರಲ್ಲಿ ಒಂದಾದದ್ದು ನಿಜ. ಫ್ರಾನ್ಸ್ ಮತ್ತು ರಷ್ಯಾ 1894ರಲ್ಲಿ ಕೈಜೋಡಿಸಿದವು. ಬ್ರಿಟನ್ 1904ರಲ್ಲಿ ಫ್ರಾನ್ಸ್ ಜೊತೆ, 1907ರಲ್ಲಿ ರಷ್ಯಾ ಜೊತೆ ರಾಜಿ ಮಾಡಿಕೊಂಡಿತು. ಆದರೆ ಕರಾರು ತಾನೇ ತಾನಾಗಿ ಯುದ್ಧಕ್ಕೆ ಎಳೆಯುವ ಹಾಗಿದ್ದರೆ ಇಟಲಿ ಜರ್ಮನಿಯ ಪಕ್ಕ ನಿಲ್ಲಬೇಕಿತ್ತು. ಅದು 1914ರಲ್ಲಿ ಸುಮ್ಮನೆ ಕೂತಿತು, 1915ರಲ್ಲಿ ಎದುರು ಬಣ ಸೇರಿತು. ಬ್ರಿಟನ್ನಿಗೂ ಫ್ರಾನ್ಸ್ ಪರವಾಗಿ ಹೋರಾಡಲೇಬೇಕೆಂಬ ಲಿಖಿತ ಕಟ್ಟುಪಾಡು ಇರಲಿಲ್ಲ. ಒಪ್ಪಂದಗಳು ಧೈರ್ಯ ಕೊಟ್ಟವು, ಭಯವನ್ನೂ ಕೊಟ್ಟವು. ತೀರ್ಮಾನ ಮಾಡಿದವರು ಮನುಷ್ಯರು.

ಆಗಿನ ರಾಜರೆಲ್ಲ ನೆಂಟರೇ ಆಗಿದ್ದರಂತೆ, ಹೌದಾ?

ಹೌದು. ಬ್ರಿಟನ್ನಿನ ಐದನೇ ಜಾರ್ಜ್ ಮತ್ತು ಕೈಸರ್ ವಿಲ್ಹೆಲ್ಮ್ ಇಬ್ಬರೂ ವಿಕ್ಟೋರಿಯಾ ರಾಣಿಯ ಮೊಮ್ಮಕ್ಕಳು. ರಷ್ಯಾದ ಜಾರ್ ನಿಕೊಲಾಸನ ತಾಯಿ ಮತ್ತು ಜಾರ್ಜನ ತಾಯಿ ಅಕ್ಕತಂಗಿಯರು. ನಿಕೊಲಾಸನ ಹೆಂಡತಿಯೂ ವಿಕ್ಟೋರಿಯಾಳ ಮೊಮ್ಮಗಳೇ. ಯುದ್ಧದ ಹಿಂದಿನ ರಾತ್ರಿಗಳಲ್ಲಿ ಕೈಸರ್ ಮತ್ತು ಜಾರ್ ‘ವಿಲ್ಲಿ’, ‘ನಿಕ್ಕಿ’ ಎಂದು ಸಹಿ ಹಾಕಿಕೊಂಡು ತಂತಿ ಕಳಿಸಿಕೊಂಡರು. ನೆಂಟಸ್ತಿಕೆ ಜಗಳ ತಡೆಯುವುದಾಗಿದ್ದರೆ ಕುರುಕ್ಷೇತ್ರವೂ ನಡೆಯುತ್ತಿರಲಿಲ್ಲ ಬಿಡಿ.

ಜರ್ಮನಿಗೆ ಜಗಳ ಇದ್ದದ್ದು ರಷ್ಯಾ ಜೊತೆ. ಮಧ್ಯೆ ಬೆಲ್ಜಿಯಂ ಏನು ಪಾಪ ಮಾಡಿತ್ತು?

ದಾರಿಯಲ್ಲಿ ಇದ್ದದ್ದೇ ಪಾಪ. ಜರ್ಮನಿಗೆ ಪೂರ್ವಕ್ಕೆ ರಷ್ಯಾ, ಪಶ್ಚಿಮಕ್ಕೆ ಫ್ರಾನ್ಸ್. ರಷ್ಯಾ ವಿಶಾಲ ದೇಶ, ಸೈನ್ಯ ಸೇರಿಸಲು ವಾರಗಟ್ಟಲೆ ಬೇಕು. ಅಷ್ಟರೊಳಗೆ, ಸುಮಾರು ಆರು ವಾರದಲ್ಲಿ, ಫ್ರಾನ್ಸನ್ನು ಮುಗಿಸಿ ಆಮೇಲೆ ಪೂರ್ವಕ್ಕೆ ತಿರುಗಬೇಕೆಂಬ ಲೆಕ್ಕ ಷ್ಲೀಫೆನ್ ಎಂಬ ದಂಡನಾಯಕನ ಕಾಲದಿಂದ ಬೆಳೆದು ಬಂದಿತ್ತು. ಫ್ರಾನ್ಸಿನ ಗಡಿಯಲ್ಲಿ ಕೋಟೆಗಳ ಸಾಲು. ಅದನ್ನು ಸುತ್ತಿ ಹೋಗಬೇಕಾದರೆ ಬೆಲ್ಜಿಯಂ ತುಳಿಯಬೇಕು. ಬೆಲ್ಜಿಯಂ ತಟಸ್ಥವಾಗಿರಬೇಕೆಂದು 1839ರಲ್ಲಿ ಸಹಿ ಹಾಕಿದವರಲ್ಲಿ ಬ್ರಿಟನ್ನೂ ಇತ್ತು, ಪ್ರಷ್ಯಾವೂ ಇತ್ತು. ಬ್ರಿಟನ್ ಕಣಕ್ಕಿಳಿಯಲು ಅದೇ ನೆಪ. ಇಂಗ್ಲಿಷ್ ಕಡಲ್ಗಾಲುವೆಯಾಚೆಯ ಬಂದರುಗಳು ಜರ್ಮನಿಯ ಕೈಗೆ ಹೋಗಬಾರದೆಂಬ ಭಯ ಅದರ ಹಿಂದೆ.

ಈ ಯೋಜನೆ ನಿಂತಿದ್ದದ್ದು ರೈಲು ವೇಳಾಪಟ್ಟಿಯ ಮೇಲೆ. ಆಗಸ್ಟ್ 1ರ ಸಂಜೆ ಬ್ರಿಟನ್ ತಟಸ್ಥವಾಗಿ ಉಳಿಯಬಹುದೆಂಬ ಸುಳ್ಳು ಆಸೆ ಹುಟ್ಟಿದಾಗ ಕೈಸರ್ ಸೇನಾ ಮುಖ್ಯಸ್ಥ ಮೋಲ್ಟ್ಕೆಯನ್ನು ಕರೆಸಿ, ಹಾಗಾದರೆ ಸೈನ್ಯವನ್ನೆಲ್ಲ ಪೂರ್ವಕ್ಕೆ ತಿರುಗಿಸಿ ಎಂದ. ಲಕ್ಷಗಟ್ಟಲೆ ಸೈನಿಕರ ಸಾಗಾಟವನ್ನು ಒಂದು ರಾತ್ರಿಯಲ್ಲಿ ಬದಲಾಯಿಸಲಾಗದು ಎಂದು ಮೋಲ್ಟ್ಕೆ ಕೈಚೆಲ್ಲಿದ. ಪಾಠ ಮಾಡುವಾಗ ನಾನು ಪ್ರತಿವರ್ಷ ತಡೆದು ನಿಲ್ಲುತ್ತಿದ್ದ ಜಾಗ ಇದು. ಚಕ್ರವರ್ತಿಯ ಮಾತಿಗಿಂತ ರೈಲಿನ ಟೈಮ್‌ಟೇಬಲ್ ದೊಡ್ಡದಾಗಿತ್ತು.

ಕ್ರಿಸ್‌ಮಸ್ ಹೊತ್ತಿಗೆ ಮುಗಿಯುತ್ತೆ ಅಂದುಕೊಂಡಿದ್ದು ನಾಲ್ಕು ವರ್ಷ ಎಳೆದದ್ದು ಯಾಕೆ?

ಮೆಷಿನ್ ಗನ್, ಮುಳ್ಳುತಂತಿ, ಕಂದಕ. ಕಾಯುವವನಿಗೆ ಅನುಕೂಲ, ನುಗ್ಗುವವನಿಗೆ ಸಾವು. ಫ್ರಾನ್ಸಿನ ಸೋಮ್ ನದಿಯ ಬಳಿ 1916ರ ಜುಲೈ 1ರ ಒಂದೇ ದಿನ ಬ್ರಿಟಿಷ್ ಸೈನ್ಯದಲ್ಲಿ ಸತ್ತವರು 19,240. ಗಾಯಾಳುಗಳೂ ಕಾಣೆಯಾದವರೂ ಸೇರಿದರೆ 57,470.

ಇನ್ನೊಂದು ಕಾರಣವನ್ನು ರೈತರ ಮನೆಯಿಂದ ಬಂದವರಿಗೆ ಸುಲಭವಾಗಿ ಹೇಳಬಹುದು. ಮದ್ದುಗುಂಡಿಗೆ ನೈಟ್ರೇಟ್ ಬೇಕು. ಅದು ಬರುತ್ತಿದ್ದದ್ದು ದಕ್ಷಿಣ ಅಮೆರಿಕದ ಚಿಲಿಯಿಂದ, ಹಡಗಿನಲ್ಲಿ. ಬ್ರಿಟಿಷ್ ನೌಕಾಪಡೆ ಸಮುದ್ರಕ್ಕೆ ಬೀಗ ಹಾಕಿತು. ಜರ್ಮನಿಯ ಮದ್ದು ತಿಂಗಳುಗಳಲ್ಲಿ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸುವ ವಿಧಾನವನ್ನು ಫ್ರಿಟ್ಸ್ ಹಾಬರ್ ಕಂಡುಹಿಡಿದಿದ್ದ. 1913ರಲ್ಲೇ ಅದರ ಕಾರ್ಖಾನೆ ಶುರುವಾಗಿತ್ತು. ನಿಮ್ಮ ಹೊಲದ ಬದುವಿನಲ್ಲಿ ಇಟ್ಟಿರುವ ಯೂರಿಯಾ ಚೀಲದ ಮೂಲವೂ ಅದೇ ವಿಧಾನ. ಬೆಲ್ಜಿಯಂನ ಈಪ್ರ್‌ ಬಳಿ 1915ರ ಏಪ್ರಿಲ್ 22ರಂದು ಕ್ಲೋರಿನ್ ವಿಷಾನಿಲ ಬಿಡಿಸಿದವನೂ ಇದೇ ಹಾಬರ್. ಅಮೋನಿಯಾಕ್ಕಾಗಿ ಅವನಿಗೆ ನೊಬೆಲ್ ಬಂತು.

ಬೀಗ ಹಾಕಿದ ಸಮುದ್ರ ಇನ್ನೊಂದು ಕಡೆ ಕೆಲಸ ಮಾಡಿತು: 1916–17ರ ಚಳಿಗಾಲದಲ್ಲಿ ಆಲೂಗಡ್ಡೆ ಬೆಳೆ ಕೆಟ್ಟು ಜರ್ಮನ್ನರು ದನಕ್ಕೆ ಹಾಕುವ ಟರ್ನಿಪ್ ಗೆಡ್ಡೆ ತಿಂದು ದಿನ ದೂಡಿದರು.

ಅವರ ಜಗಳದಲ್ಲಿ ನಮಗೇನು ಸಂಬಂಧ? ನಮ್ಮ ಊರಿಗೆ ಏನಾದರೂ ತಟ್ಟಿತಾ?

ನಿಮ್ಮ ಬಚ್ಚಲಮನೆಗೇ ತಟ್ಟಿದೆ. ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಯುದ್ಧಕ್ಕೆ ಮುಂಚೆ ಹಡಗೇರಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಆ ದಾರಿ ಮುಚ್ಚಿತು. ಕೊಳ್ಳುವವರಿಲ್ಲದೆ ಗಂಧದ ಕೊರಡುಗಳು ಗೋದಾಮಿನಲ್ಲಿ ರಾಶಿ ಬಿದ್ದವು. ಹೊರಗೆ ಕಳಿಸಲಾಗದಿದ್ದರೆ ಇಲ್ಲೇ ಎಣ್ಣೆ ತೆಗೆಯೋಣ ಎಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಅದರ ಬೆನ್ನಿಗೇ ಮೈಸೂರು ಸ್ಯಾಂಡಲ್ ಸೋಪು ಬಂತು.

ಕರಾವಳಿಯವರಿಗೆ ಇನ್ನೊಂದು ಕಥೆ ಇದೆ. ಮಂಗಳೂರಿನ ಹಂಚಿನ ಕಾರ್ಖಾನೆಗಳನ್ನು ಕಟ್ಟಿದ ಬಾಸೆಲ್ ಮಿಷನ್‌ನಲ್ಲಿ ಜರ್ಮನ್ನರು ಬಹಳ ಇದ್ದರು. ರಾತ್ರಿ ಬೆಳಗಾಗುವುದರಲ್ಲಿ ಅವರು ಶತ್ರುಗಳಾದರು, ಬಂಧನಕ್ಕೊಳಗಾದರು. ಮಿಷನ್‌ನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು.

ಇನ್ನು ರಣರಂಗ. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲ್‌ನಲ್ಲಿರುವ ಹೈಫಾ ಪಟ್ಟಣವನ್ನು ತುರ್ಕರ ಕೈಯಿಂದ ಬಿಡಿಸಿದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರು. ಜೋಧಪುರದವರು ಊರಿನೊಳಗೆ ನುಗ್ಗಿದರೆ, ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಲು ಹೋದವರು ಮೈಸೂರಿನವರು. ಕೈಯಲ್ಲಿ ಭರ್ಜಿ, ಎದುರಿಗೆ ಮೆಷಿನ್ ಗನ್. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದು; ಉಳಿದೆರಡು ಜೋಧಪುರ ಮತ್ತು ಹೈದರಾಬಾದಿನವು. ಒಟ್ಟಾರೆ ಆ ಯುದ್ಧದಲ್ಲಿ ಪ್ರಾಣ ಕಳೆದುಕೊಂಡ ಭಾರತೀಯ ಸೈನಿಕರು ಸುಮಾರು 74,000.

ಸ್ವಲ್ಪ ಒಳಗೆ ಇಳಿದರೆ

ವರ್ಸೇಲ್ಸ್ ಒಪ್ಪಂದ ಅಷ್ಟು ಕ್ರೂರವಾಗಿದ್ದರಿಂದಲೇ ಹಿಟ್ಲರ್ ಬಂದ ಅಲ್ವಾ?

ನಾನು ಅತಿ ಹೆಚ್ಚು ಸಲ ತಿದ್ದಿದ ಉತ್ತರಪತ್ರಿಕೆಯ ಸಾಲು ಇದು. ಅರ್ಧ ಅಂಕ ಕೊಡುತ್ತಿದ್ದೆ.

ಗೆದ್ದವರು ಸೋತ ಜರ್ಮನಿಯ ಮೇಲೆ ಹೇರಿದ 1919ರ ಜೂನ್ 28ರ ಒಪ್ಪಂದ ಹಗುರವಾಗಿರಲಿಲ್ಲ. ಜರ್ಮನಿ ನೆಲದಲ್ಲಿ ಶೇ. 13ರಷ್ಟು ಹೋಯಿತು, ವಸಾಹತುಗಳೆಲ್ಲ ಹೋದವು, ಸೈನ್ಯ ಒಂದು ಲಕ್ಷಕ್ಕೆ ಇಳಿಯಿತು. ಯುದ್ಧದ ಹೊಣೆಯನ್ನು ಹೊರಿಸುವ 231ನೇ ವಿಧಿ ಎಲ್ಲಕ್ಕಿಂತ ಹೆಚ್ಚು ಉರಿಸಿತು. ಹಣದ ಬೆಲೆ ಕುಸಿದು 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಮಗಳ ಮದುವೆಗೆಂದು ಇಪ್ಪತ್ತು ವರ್ಷ ಬ್ಯಾಂಕಿನಲ್ಲಿ ಕೂಡಿಟ್ಟ ಹಣದಲ್ಲಿ ಒಂದು ಬ್ರೆಡ್ಡೂ ಬರುತ್ತಿರಲಿಲ್ಲ.

ಆದರೆ ತಾರೀಖು ನೋಡಿ. ಹಣ ಬಿದ್ದುಹೋದದ್ದು 1923ರಲ್ಲಿ. ಆಮೇಲೆ ಹೊಸ ನಾಣ್ಯ ಬಂತು, ಅಮೆರಿಕದ ಸಾಲ ಬಂತು, ಜನ ಉಸಿರಾಡಿದರು. ಒಪ್ಪಂದಕ್ಕೆ ಒಂಬತ್ತು ವರ್ಷ ತುಂಬಿದ್ದ 1928ರ ಚುನಾವಣೆಯಲ್ಲಿ ಹಿಟ್ಲರ್ ಪಕ್ಷಕ್ಕೆ ಸಿಕ್ಕಿದ್ದು ಶೇ. 2.6 ಮತ. 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆ ಕುಸಿಯಿತು, ಸಾಲ ಕೊಟ್ಟವರು ವಾಪಸ್ ಕೇಳಿದರು, 1932ರ ಶುರುವಿನಲ್ಲಿ ನಿರುದ್ಯೋಗಿಗಳು 60 ಲಕ್ಷ ದಾಟಿದರು. ಸರ್ಕಾರ ಖರ್ಚು ಕಡಿತ ಮಾಡುತ್ತಲೇ ಹೋಯಿತು. ಅದೇ ವರ್ಷ ಜುಲೈನಲ್ಲಿ ಹಿಟ್ಲರ್‌ಗೆ ಶೇ. 37.3. ಆಗಲೂ ಬಹುಮತವಿಲ್ಲ, ನವೆಂಬರಿನಲ್ಲಿ ಮತ ಇಳಿಯಿತು ಕೂಡ. 1933ರ ಜನವರಿ 30ರಂದು ಅವನನ್ನು ಚಾನ್ಸಲರ್ ಕುರ್ಚಿಗೆ ಕೂರಿಸಿದ್ದು ಮುದಿ ಅಧ್ಯಕ್ಷ ಹಿಂಡೆನ್‌ಬರ್ಗ್. ಇವನನ್ನು ನಾವು ಆಡಿಸಬಹುದು ಎಂದುಕೊಂಡಿದ್ದ ಮಾಜಿ ಚಾನ್ಸಲರ್ ಪಾಪೆನ್‌ನಂಥವರ ಸಲಹೆ ಅದಕ್ಕಿತ್ತು.

ವರ್ಸೇಲ್ಸ್‌ಗಿಂತ ಹೆಚ್ಚು ಕೆಡುಕು ಮಾಡಿದ್ದು ಒಂದು ಸುಳ್ಳು ಎಂದು ನನ್ನ ಅನಿಸಿಕೆ. 1918ರ ಸೆಪ್ಟೆಂಬರ್ ಕೊನೆಗೆ ಯುದ್ಧ ಸೋತಿತು, ಕದನವಿರಾಮ ಕೇಳಿ ಎಂದು ಸರ್ಕಾರಕ್ಕೆ ಹೇಳಿದವನು ದಂಡನಾಯಕ ಲೂಡೆನ್‌ಡೋರ್ಫ್. ನವೆಂಬರ್ 11ರಂದು ಫ್ರಾನ್ಸಿನ ಕಾಂಪಿಯೆನ್ ಕಾಡಿನಲ್ಲಿ, ರೈಲು ಬೋಗಿಯೊಳಗೆ ಸಹಿ ಹಾಕಬೇಕಾದವನು ಎರ್ಜ್‌ಬರ್ಗರ್ ಎಂಬ ರಾಜಕಾರಣಿ. ಬರ್ಲಿನ್ನಿಗೆ ಒಬ್ಬ ವಿದೇಶಿ ಸೈನಿಕನೂ ಕಾಲಿಟ್ಟಿರಲಿಲ್ಲವಾದ್ದರಿಂದ ಸೋತದ್ದು ಜನರಿಗೆ ಕಾಣಲಿಲ್ಲ. ಗೆಲ್ಲುತ್ತಿದ್ದ ಸೈನ್ಯದ ಬೆನ್ನಿಗೆ ಯಹೂದಿಗಳೂ ಎಡಪಂಥೀಯರೂ ಚೂರಿ ಹಾಕಿದರು ಎಂದು ಅದೇ ಸೇನಾಪತಿಗಳು ಹಬ್ಬಿಸಿದರು. ಎರ್ಜ್‌ಬರ್ಗರ್‌ನನ್ನು 1921ರಲ್ಲಿ ಗುಂಡಿಟ್ಟು ಕೊಂದರು. 1940ರ ಜೂನ್‌ನಲ್ಲಿ ಹಿಟ್ಲರ್ ಅದೇ ಬೋಗಿಯನ್ನು ವಸ್ತುಸಂಗ್ರಹಾಲಯದಿಂದ ಹೊರಗೆಳೆಸಿ, ಅದೇ ಜಾಗದಲ್ಲಿ ನಿಲ್ಲಿಸಿ, ಫ್ರಾನ್ಸಿನ ಶರಣಾಗತಿಗೆ ಸಹಿ ಹಾಕಿಸಿಕೊಂಡ.

ವರ್ಸೇಲ್ಸ್ ಒಪ್ಪಂದದಲ್ಲಿ ಹೊರಿಸಿದ ಯುದ್ಧದಂಡವನ್ನು ಜರ್ಮನಿ ಕೊಟ್ಟು ಮುಗಿಸಿತಾ?

1921ರಲ್ಲಿ ನಿಗದಿಯಾದ 13,200 ಕೋಟಿ ಚಿನ್ನದ ಮಾರ್ಕ್ ಪೂರ್ತಿ ಎಂದೂ ಸಂದಾಯವಾಗಲಿಲ್ಲ. 1932ರಲ್ಲಿ ಆ ಬಾಬತ್ತೇ ನಿಂತುಹೋಯಿತು. ಆದರೆ ದಂಡ ಕಟ್ಟಲು ಎತ್ತಿದ್ದ ಸಾಲಪತ್ರಗಳ ಕೊನೆಯ ಕಂತು ತೀರಿದ್ದು 2010ರ ಅಕ್ಟೋಬರ್ 3ರಂದು.

ಮ್ಯೂನಿಕ್‌ನಲ್ಲಿ ಚೇಂಬರ್ಲೇನ್ ಹೇಡಿತನ ಮಾಡದಿದ್ದರೆ ಎರಡನೇ ಯುದ್ಧ ತಪ್ಪುತ್ತಿತ್ತಾ?

ತಪ್ಪುತ್ತಿರಲಿಲ್ಲ, ಬಹುಶಃ ಒಂದು ವರ್ಷ ಮುಂಚೆ ಆಗುತ್ತಿತ್ತು. 1938ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್ ಸಭೆಯಲ್ಲಿ ಜೆಕೊಸ್ಲೊವಾಕಿಯದ ಗಡಿಭಾಗವನ್ನು ಅವರನ್ನೇ ಕೇಳದೆ ಹಿಟ್ಲರ್‌ಗೆ ಕೊಟ್ಟದ್ದು ನಾಚಿಕೆಗೇಡು. ಆದರೆ ಬ್ರಿಟನ್ನಿನ ಪ್ರಧಾನಿ ಚೇಂಬರ್ಲೇನ್‌ನನ್ನು ಹೇಡಿ ಎನ್ನುವ ಮುನ್ನ ಸೋಮ್‌ನ ಲೆಕ್ಕ ನೆನಪಿಸಿಕೊಳ್ಳಿ. ಬ್ರಿಟನ್ನಿನ ಯಾವ ಊರಿಗೆ ಹೋದರೂ ಸತ್ತ ಹುಡುಗರ ಹೆಸರು ಕೆತ್ತಿದ ಕಲ್ಲು ನಿಂತಿತ್ತು. ಅವನು ಸಮಯ ಕೊಂಡುಕೊಂಡ ಎನ್ನುವವರಿದ್ದಾರೆ. ಬ್ರಿಟನ್ ಆ ವರ್ಷ ವಿಮಾನ, ರಾಡಾರ್ ಸಿದ್ಧಪಡಿಸಿಕೊಂಡದ್ದು ನಿಜ. ಅದೇ ಸಮಯ ಹಿಟ್ಲರ್‌ಗೂ ಸಿಕ್ಕಿತು, ಜೊತೆಗೆ 1939ರ ಮಾರ್ಚ್‌ನಲ್ಲಿ ಜೆಕ್ಕರ ಸ್ಕೋಡಾ ಶಸ್ತ್ರಾಸ್ತ್ರ ಕಾರ್ಖಾನೆಯೂ. ಆ ವ್ಯಾಪಾರದಲ್ಲಿ ಲಾಭ ಹಿಟ್ಲರ್‌ನದೇ ಎಂಬುದು ನನ್ನ ಲೆಕ್ಕ. ಯುದ್ಧಕ್ಕೆ ಕೊನೆಯ ಬಾಗಿಲು ತೆರೆದದ್ದು 1939ರ ಆಗಸ್ಟ್ 23ರ ಹಿಟ್ಲರ್–ಸ್ಟಾಲಿನ್ ಒಪ್ಪಂದ; ಪೋಲೆಂಡನ್ನು ಹಂಚಿಕೊಳ್ಳುವ ಗುಟ್ಟಿನ ಕರಾರು ಅದರೊಳಗಿತ್ತು. ಒಂಬತ್ತೇ ದಿನಕ್ಕೆ ದಾಳಿ.

ಹಿಟ್ಲರ್‌ನನ್ನು ಸೋಲಿಸಿದ್ದು ಅಮೆರಿಕವೋ ರಷ್ಯಾವೋ? ಸಿನಿಮಾದಲ್ಲೆಲ್ಲ ಅಮೆರಿಕ.

ಸತ್ತ ಜರ್ಮನ್ ಸೈನಿಕರಲ್ಲಿ ಬಹುಪಾಲು ಸತ್ತದ್ದು ಪೂರ್ವದ ರಣರಂಗದಲ್ಲಿ. ಸೋವಿಯತ್ ಒಕ್ಕೂಟ ಕಳೆದುಕೊಂಡದ್ದು ಸುಮಾರು 2.7 ಕೋಟಿ ಜನರನ್ನು. ಲೆನಿನ್‌ಗ್ರಾಡ್ ನಗರವೊಂದೇ 872 ದಿನ ಮುತ್ತಿಗೆಯಲ್ಲಿ ಹಸಿದಿತ್ತು. ಆದರೆ ಕೆಂಪು ಸೇನೆ ಬರ್ಲಿನ್ನಿನ ತನಕ ಓಡಿದ್ದು ಅಮೆರಿಕ ಕಳಿಸಿದ ನಾಲ್ಕು ಲಕ್ಷಕ್ಕೂ ಹೆಚ್ಚು ಲಾರಿ, ಜೀಪುಗಳ ಸಹಾಯದಿಂದ ಎನ್ನುವುದನ್ನೂ ಮರೆಯಬಾರದು. ಯುದ್ಧದ ಮೇಲೆ ಸೋವಿಯತ್ ಹಿಡಿತಕ್ಕೆ ಸಿಕ್ಕ ಪೋಲೆಂಡಿನವರನ್ನು ಕೇಳಿದರೆ ‘ಸೋಲಿಸಿದ್ದು ಸರಿ, ನಮ್ಮನ್ನು ಬಿಡಿಸಿದ್ದು ಯಾರು?’ ಎಂದು ತಿರುಗಿ ಕೇಳುತ್ತಾರೆ.

ವಾದಕ್ಕೆ ಇಳಿಯುವವರಿಗೆ

ಯಹೂದಿಗಳ ನರಮೇಧ ಯುದ್ಧದ ಪರಿಣಾಮವೋ, ಯುದ್ಧದ ಉದ್ದೇಶವೇ ಅದೋ?

ಎರಡನ್ನೂ ಬಿಡಿಸಲಾಗದು. 1933ರಲ್ಲಿ ಜರ್ಮನಿಯಲ್ಲಿದ್ದ ಯಹೂದಿಗಳು ಸುಮಾರು ಐದು ಲಕ್ಷ. ಕೊಲೆಯಾದವರು 60 ಲಕ್ಷ. ಅಂದರೆ ಸತ್ತವರಲ್ಲಿ ಹೆಚ್ಚಿನವರು ಪೋಲೆಂಡ್, ಉಕ್ರೇನ್, ಲಿಥುವೇನಿಯಾ, ಹಂಗರಿಯಂಥ ಕಡೆಯವರು. ಸೈನ್ಯ ಹೋಗದಿದ್ದರೆ ಅವರು ಹಿಟ್ಲರ್‌ನ ಕೈಗೆ ಸಿಗುತ್ತಲೇ ಇರಲಿಲ್ಲ. ದ್ವೇಷ ಮೊದಲೇ ಇತ್ತು, ಯುದ್ಧ ಅದಕ್ಕೆ ನೆಲವನ್ನೂ ಮರೆಯನ್ನೂ ಕೊಟ್ಟಿತು. ಮತ್ತೊಂದು ಮಾತು: ವಿಷಾನಿಲದ ಕೋಣೆಗಳಿಗಿಂತ ಮೊದಲೇ ಗುಂಡಿನಿಂದ ಕೊಲ್ಲುವುದು ಶುರುವಾಗಿತ್ತು. ಕೀವ್‌ನ ಪಕ್ಕದ ಬಾಬಿ ಯಾರ್ ಕಂದರದಲ್ಲಿ 1941ರ ಸೆಪ್ಟೆಂಬರ್ 29 ಮತ್ತು 30ರಂದು 33,771 ಮಂದಿಯನ್ನು ಕೊಂದೆವೆಂದು ಕೊಂದವರೇ ವರದಿ ಬರೆದು ಕಳಿಸಿದರು. ಎರಡೇ ದಿನ. ಎಣಿಸಿಟ್ಟಿದ್ದರು ನೋಡಿ, ಕೊನೆಯ ಒಂದರವರೆಗೆ.

ಗಡಿಗಳನ್ನು ಭಾಷೆಗೆ ತಕ್ಕ ಹಾಗೆ ಎಳೆದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ ಅಲ್ವೇ?

ಬೆಳಗಾವಿ ನೋಡಿದವರು ಇದನ್ನು ಕೇಳಬಾರದು! ಮೊದಲ ಯುದ್ಧದಲ್ಲಿ ರಷ್ಯಾ, ಜರ್ಮನಿ, ಆಸ್ಟ್ರಿಯಾ-ಹಂಗರಿ, ತುರ್ಕಿ ಎಂಬ ನಾಲ್ಕು ಸಾಮ್ರಾಜ್ಯಗಳು ಮುರಿದವು. ಜನ ಭಾಷೆವಾರು ಸಾಲಾಗಿ ಕೂತಿರಲಿಲ್ಲ. ಒಂದೇ ಬೀದಿಯಲ್ಲಿ ಮೂರು ಭಾಷೆ, ಎರಡು ಧರ್ಮ. 1920ರ ಟ್ರಿಯಾನೊನ್ ಒಪ್ಪಂದದಲ್ಲಿ ಹಂಗರಿ ತನ್ನ ನೆಲದ ಮೂರರಲ್ಲಿ ಎರಡು ಪಾಲು ಕಳೆದುಕೊಂಡಿತು, ಸುಮಾರು 30 ಲಕ್ಷ ಹಂಗೇರಿಯನ್ನರು ಗಡಿಯಾಚೆ ಉಳಿದರು. ಉಜ್‌ಹೊರೊದ್ ಎಂಬ ಊರನ್ನೇ ತೆಗೆದುಕೊಳ್ಳಿ. ಅಲ್ಲಿ 1910ರಲ್ಲಿ ಹುಟ್ಟಿದ ಅಜ್ಜಿ ಮನೆ ಬಿಟ್ಟು ಕದಲದೆಯೇ ಆಸ್ಟ್ರಿಯಾ-ಹಂಗರಿ, ಜೆಕೊಸ್ಲೊವಾಕಿಯ, ಮತ್ತೆ ಹಂಗರಿ, ಸೋವಿಯತ್ ಒಕ್ಕೂಟ, ಕೊನೆಗೆ ಉಕ್ರೇನ್, ಇಷ್ಟರ ಪ್ರಜೆಯಾಗಿರಲು ಸಾಧ್ಯ.

1945ರಲ್ಲಿ ಗೆದ್ದವರು ತಿರುಗುಮುರುಗು ಮಾಡಿದರು: ಜನಕ್ಕೆ ತಕ್ಕಂತೆ ಗಡಿ ಎಳೆಯುವ ಬದಲು ಗಡಿಗೆ ತಕ್ಕಂತೆ ಜನರನ್ನು ಎಬ್ಬಿಸಿದರು. ಪೂರ್ವ ಯುರೋಪಿನಿಂದ ಒಂದು ಕೋಟಿಗೂ ಮೀರಿ ಜರ್ಮನ್ನರು ಗಂಟುಮೂಟೆ ಕಟ್ಟಬೇಕಾಯಿತು. ಎರಡೇ ವರ್ಷಕ್ಕೆ ಪಂಜಾಬಿನಲ್ಲಿ ನಡೆದದ್ದನ್ನು ಬಲ್ಲ ನಮಗೆ ಆ ಚಿತ್ರ ಹೊಸದಲ್ಲ.

ಕೊನೆಗೂ ಮೊದಲ ಯುದ್ಧಕ್ಕೆ ತಪ್ಪು ಯಾರದು? ಒಂದು ಹೆಸರು ಹೇಳಿ ಸಾರ್.

1961ರಲ್ಲಿ ಜರ್ಮನ್ ಇತಿಹಾಸಕಾರ ಫ್ರಿಟ್ಸ್ ಫಿಶರ್ ತನ್ನ ದೇಶದ ಹೆಸರನ್ನೇ ಹೇಳಿದ. ಜರ್ಮನಿಯ ನಾಯಕರು ಯುರೋಪಿನ ಮೇಲೆ ಹಿಡಿತ ಬಯಸಿಯೇ ಆ ಅಪಾಯಕ್ಕೆ ಕೈಹಾಕಿದರು ಎಂಬುದು ಅವನ ವಾದ. 1914ರ ಸೆಪ್ಟೆಂಬರ್‌ನಲ್ಲಿ ಬರೆದ, ಗೆದ್ದರೆ ಏನೇನು ಕಸಿಯಬೇಕೆಂಬ ಪಟ್ಟಿಯನ್ನು ಕಡತದಿಂದ ತೆಗೆದು ತೋರಿಸಿದ. ಅವನ ದೇಶದಲ್ಲೇ ದೊಡ್ಡ ಗಲಾಟೆ ಆಯಿತು. ಆ ಪಟ್ಟಿ ಯುದ್ಧ ಶುರುವಾದ ಮೇಲಿನದಲ್ಲವೇ ಎಂದು ವಿರೋಧಿಗಳು ಹಿಡಿದುಕೊಂಡರು. ಈಚಿನವರು ಆಸ್ಟ್ರಿಯಾದ ವಿಯೆನ್ನಾ, ರಷ್ಯಾದ ಪೀಟರ್ಸ್‌ಬರ್ಗ್, ಸೆರ್ಬಿಯಾದ ಬೆಲ್‌ಗ್ರೇಡ್‌ಗಳಿಗೂ ಪಾಲು ಹಂಚುತ್ತಾರೆ.

ನನ್ನನ್ನು ಕೇಳಿದರೆ, ಎಲ್ಲರ ತಪ್ಪೂ ಇದೆ ಎಂದು ಸಮನಾಗಿ ಹಂಚುವುದು ಸೋಮಾರಿತನ. ಸಣ್ಣ ಯುದ್ಧವೊಂದು ಬೇಕೇ ಬೇಕೆಂದು ಹಟ ಹಿಡಿದದ್ದು ವಿಯೆನ್ನಾ. ದೊಡ್ಡದಾದರೂ ಆಗಲಿ ಎಂದದ್ದು ಬರ್ಲಿನ್. ಉಳಿದವರು ತಡೆಯಬಹುದಿತ್ತು, ತಡೆಯಲಿಲ್ಲ.

1945ರ ಮೇಲೆ ಯುರೋಪ್ ಬುದ್ಧಿ ಕಲಿತು ಯುದ್ಧ ಬಿಟ್ಟಿತು ಅಂತಾರೆ. ನಿಜಾನಾ?

ಫ್ರಾನ್ಸ್ ಮತ್ತು ಜರ್ಮನಿಯ ಮಟ್ಟಿಗೆ ನಿಜ. ಅದಕ್ಕೆ ಬುದ್ಧಿಯಷ್ಟೇ ಲೆಕ್ಕಾಚಾರವೂ ಕಾರಣ. ಫಿರಂಗಿಗೆ ಬೇಕಾದ ಕಲ್ಲಿದ್ದಲು ಮತ್ತು ಉಕ್ಕನ್ನು ಜಂಟಿ ಆಡಳಿತಕ್ಕೆ ಕೊಟ್ಟರೆ ಒಬ್ಬನಿಗೆ ತಿಳಿಯದಂತೆ ಇನ್ನೊಬ್ಬ ಶಸ್ತ್ರ ಮಾಡಲಾಗದು ಎಂಬ ಯೋಚನೆಯನ್ನು ಫ್ರಾನ್ಸಿನ ವಿದೇಶಾಂಗ ಸಚಿವ ಶೂಮನ್ 1950ರ ಮೇ 9ರಂದು ಮುಂದಿಟ್ಟ. ಈಗಿನ ಐರೋಪ್ಯ ಒಕ್ಕೂಟದ ಬೇರು ಅದು. ಅಮೆರಿಕ, ಸೋವಿಯತ್ ಸೈನ್ಯಗಳು ಎರಡೂ ಕಡೆ ಬೀಡುಬಿಟ್ಟದ್ದೂ ಸದ್ದಡಗಿಸಿತು.

ಆದರೆ ಬೋಸ್ನಿಯಾ, ಸೆರ್ಬಿಯಾ ಸೇರಿದ್ದ ಯುಗೊಸ್ಲಾವಿಯ 1991ರಿಂದ ಒಡೆಯತೊಡಗಿತು. ಸರಾಯೆವೊ ನಗರಕ್ಕೆ 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿವರೆಗೆ 1,425 ದಿನಗಳ ಮುತ್ತಿಗೆ, ಲೆನಿನ್‌ಗ್ರಾಡ್‌ಗಿಂತ ದೀರ್ಘ. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಬೋಸ್ನಿಯಾದ ಸರ್ಬ್ ಪಡೆ ಸಾಲಾಗಿ ನಿಲ್ಲಿಸಿ ಕೊಂದಿತು. ವಿಶ್ವಸಂಸ್ಥೆಯ ಸೈನಿಕರು ಅಲ್ಲೇ ಇದ್ದರು.

ಪ್ರಿನ್ಸಿಪ್ ನಿಂತು ಗುಂಡು ಹಾರಿಸಿದ ಜಾಗದಲ್ಲಿ ಯುಗೊಸ್ಲಾವಿಯದ ಕಾಲದಲ್ಲಿ ಅವನ ಹೆಜ್ಜೆಗುರುತುಗಳನ್ನು ಕಾಲುದಾರಿಯಲ್ಲಿ ಅಚ್ಚು ಹಾಕಿಸಿದ್ದರು; ಪಕ್ಕದ ಸೇತುವೆಗೂ ಅವನದೇ ಹೆಸರು. ಶಾಲಾ ಮಕ್ಕಳು ಅದರಲ್ಲಿ ತಮ್ಮ ಕಾಲಿಟ್ಟು ಅಳತೆ ನೋಡುತ್ತಿದ್ದರು. ಆ ಮುತ್ತಿಗೆಯ ವರ್ಷಗಳಲ್ಲಿ ಅವನ್ನು ಕಿತ್ತುಹಾಕಿದರು. ಊರಿನವರಿಗೆ ಅವನು ಈಗ ವೀರನಲ್ಲ, ಬೆಟ್ಟದ ಮೇಲಿಂದ ಶೆಲ್ ಹಾಕುತ್ತಿದ್ದ ಸರ್ಬರ ಕಡೆಯವನು. ಸೇತುವೆ ಮತ್ತೆ ಲ್ಯಾಟಿನ್ ಸೇತುವೆಯಾಗಿದೆ.